ಕಾಯುವುದನ್ನು ಕಲಿತ ಸ್ಪಾಮ್ ಜರಡಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮಿಂಚಂಚೆ ತೆರೆದು ನೋಡುವ ಕೆಲಸ ಬಹಳ ವರ್ಷ ನನ್ನ ಪಾಲಿಗಿತ್ತು. ಮಲಯಾಳದ ಸುತ್ತೋಲೆಯನ್ನು ಓದಿ ಕನ್ನಡದಲ್ಲಿ ಹೇಳುವವರು ಒಬ್ಬರು ಬೇಕಲ್ಲ! ಒಮ್ಮೆ ಮಕ್ಕಳ ಸ್ಕಾಲರ್‌ಶಿಪ್ ಪತ್ರವೊಂದು ಲಾಟರಿ ಬಹುಮಾನದ ಪತ್ರಗಳ ನಡುವೆ ಸ್ಪಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಾನು ನೋಡುವಾಗ ಕೊನೆಯ ದಿನಾಂಕ ಕಳೆದು ಎರಡು ದಿನವಾಗಿತ್ತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತೀರ್ಮಾನಿಸುವವರು ಯಾರಪ್ಪಾ ಎಂದು ಅವತ್ತು ಹುಡುಕಲು ಹೊರಟೆ.

ಬೇಡದ ಅಂಚೆಯ ಕಥೆ ಹಳೆಯದು. 1978ರ ಮೇ 3ರಂದು ಡಿಇಸಿ ಕಂಪೆನಿಯ ಗ್ಯಾರಿ ಥುರ್ಕ್ ಎಂಬವರು ಅಮೆರಿಕದ ಆರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದ್ದೇ ಮೊದಲನೆಯದು ಎನ್ನುತ್ತಾರೆ. ಹಾವಳಿ ಹೆಚ್ಚಿದ್ದು ತೊಂಬತ್ತರ ದಶಕದಲ್ಲಿ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಸ್ಪಾಮ್ ಕಳಿಸುವ ಕಂಪ್ಯೂಟರ್‌ಗಳ ಕಪ್ಪುಪಟ್ಟಿ ಮಾಡಿದರು. ಆ ಪಟ್ಟಿಯನ್ನು ಊರೂರಿಗೆ ಹಂಚುವುದು ಹೇಗೆ? ಇಲ್ಲೊಂದು ಚಂದದ ಉಪಾಯ ಹೊಳೆಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್ಎಸ್ ಎಂಬ ವ್ಯವಸ್ಥೆ ಆಗಲೇ ಇತ್ತು. ಜಾಲತಾಣದ ಹೆಸರು ಹೇಳಿದರೆ ಅಂಕಿಯ ವಿಳಾಸ ಕೊಡುವುದು ಅದರ ಕೆಲಸ. ಅದನ್ನೇ ಬಳಸಿಕೊಂಡರು. ಅಂಚೆ 192.0.2.25ರಿಂದ ಬಂತೆಂದುಕೊಳ್ಳಿ. ಅಂಕಿಗಳನ್ನು ತಿರುವಿ 25.2.0.192 ಮಾಡಿ, ಮುಂದೆ ಪಟ್ಟಿಯ ಹೆಸರು ಸೇರಿಸಿ ಕೇಳುವುದು. 127.0.0.2 ಎಂದು ಉತ್ತರ ಬಂದರೆ ಆಸಾಮಿ ಪಟ್ಟಿಯಲ್ಲಿದ್ದಾನೆ. ಅಂಥ ಹೆಸರೇ ಇಲ್ಲ ಎಂದರೆ ಪಟ್ಟಿಯಲ್ಲಿ ಇಲ್ಲ. ಅಷ್ಟೇ!

ಆದರೆ ಒಂದೇ ಪಟ್ಟಿಯನ್ನು ನಂಬಿ ಕೂರುವಂತಿಲ್ಲ. 2003ರ ಆಗಸ್ಟ್‌ನಲ್ಲಿ ಒಸಿರುಸಾಫ್ಟ್ ಎಂಬ ಪಟ್ಟಿ ದಾಳಿಗೆ ಸಿಕ್ಕಿ ಬಾಗಿಲು ಹಾಕುವಾಗ ಜಗತ್ತಿನ ಎಲ್ಲ ವಿಳಾಸವೂ ಕೆಟ್ಟದ್ದೇ ಎಂದು ಉತ್ತರಿಸತೊಡಗಿತು. ಅದೊಂದನ್ನೇ ನಂಬಿದ್ದವರಿಗೆ ಒಳ್ಳೆಯ ಅಂಚೆಯೂ ಬರಲಿಲ್ಲ. ಇಂಥ ಕಡೆ ಸ್ಪಾಮ್‌ಅಸಾಸಿನ್ ತಂತ್ರಾಂಶದ ರೀತಿ ನನಗೆ ಹಿಡಿಸಿತು. ಐರ್ಲೆಂಡಿನ ಜಸ್ಟಿನ್ ಮೇಸನ್ 2001ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಸ್ವತಂತ್ರ ತಂತ್ರಾಂಶವಿದು. ನಮ್ಮ ಕೇರಳದ ಶಾಲೆಗಳಿಗೆ ಗ್ನೂ/ಲಿನಕ್ಸ್ ಬಂದದ್ದರಿಂದ ಇಂಥವುಗಳ ಪರಿಚಯ ನಮಗೂ ಆಯಿತೆನ್ನಿ. ಇದು ಮೇಷ್ಟ್ರ ಹಾಗೆ ಅಂಕ ಹಾಕುತ್ತದೆ. ಒಂದು ಪಟ್ಟಿ ಬೈದರೆ ಇಷ್ಟು, ಅನುಮಾನದ ಪದವಿದ್ದರೆ ಇಷ್ಟು. ಒಟ್ಟು 5 ಆದರೆ ಮಾತ್ರ ಸ್ಪಾಮ್. ಒಬ್ಬ ಸಾಕ್ಷಿ ಸುಳ್ಳಾಡಿದರೆ ಕೇಸು ಬೀಳುವುದಿಲ್ಲ.

ಸಾಕ್ಷಿಗಳು ಹೆಚ್ಚಾದರೆ ಇನ್ನೊಂದು ತಾಪತ್ರಯ: ಕಾಯಬೇಕು. ಒಂದು ಪಟ್ಟಿಯನ್ನು ಕೇಳಿ, ಉತ್ತರ ಬಂದ ಮೇಲೆ ಇನ್ನೊಂದನ್ನು ಕೇಳುವುದು ಎಂದಿಟ್ಟುಕೊಳ್ಳಿ. ಹತ್ತು ಪಟ್ಟಿಗೆ ತಲಾ ಕಾಲು ಸೆಕೆಂಡಾದರೂ ಎರಡೂವರೆ ಸೆಕೆಂಡು. ಒಂದು ಪಟ್ಟಿಯ ಸರ್ವರ್ ಸತ್ತಿದ್ದರಂತೂ ಸುಮ್ಮನೆ ಬಾಯಿ ಬಿಟ್ಟುಕೊಂಡು ಕೂರಬೇಕು. ಹಿಂದೆ ಸಾವಿರಾರು ಅಂಚೆಯ ಸಾಲು.

ತರಗತಿಯಲ್ಲಿ ನಾವೇನು ಮಾಡುತ್ತೇವೆ? ಗೈರುಹಾಜರಾದ ಹತ್ತು ಮಕ್ಕಳ ಮನೆಗೆ ಹತ್ತು ಹುಡುಗರನ್ನು ಒಟ್ಟಿಗೇ ಓಡಿಸುತ್ತೇವೆ. ಅವರು ಬರುವಷ್ಟರಲ್ಲಿ ಪಾಠ ಸಾಗುತ್ತದೆ. ಸ್ಪಾಮ್‌ಅಸಾಸಿನ್ ಕೂಡ ಇದನ್ನೇ ಕಲಿತಿತು. ಅಂಚೆ ಕೈಗೆ ಬಂದ ಕೂಡಲೇ ಡಿಎನ್ಎಸ್ ಪ್ರಶ್ನೆಗಳನ್ನೆಲ್ಲ ಒಮ್ಮೆಗೇ ಕಳಿಸಿಬಿಡುವುದು, ಉತ್ತರ ಬರುವ ತನಕ ಪತ್ರದ ಒಕ್ಕಣೆಯನ್ನು ತನ್ನ ನಿಯಮಗಳಿಂದ ಪರೀಕ್ಷಿಸುವುದು, ಕೊನೆಗೆ ಉತ್ತರಗಳನ್ನು ಒಟ್ಟು ಮಾಡುವುದು. ಇದಕ್ಕೆ ಪರ್ಲ್ ಭಾಷೆಯ ನೆಟ್-ಡಿಎನ್ಎಸ್ ಎಂಬ ಘಟಕ ನೆರವಾಯಿತು. ಅದರಲ್ಲೂ ಒಂದು ಎಡವಟ್ಟು: ಒಂದು ಪ್ರಶ್ನೆಯ ಉತ್ತರ ಇನ್ನೊಂದಕ್ಕೆ ಅಂಟಿಕೊಳ್ಳುವ ದೋಷ ಅದರಲ್ಲಿತ್ತು. ಉತ್ತರಪತ್ರಿಕೆಗಳ ರಿಜಿಸ್ಟರ್ ನಂಬರ್ ಅದಲುಬದಲಾದ ಹಾಗೆ! ಹಾಗಾಗಿ ಪ್ರಶ್ನೆ ಕಳಿಸಿ ಉತ್ತರ ಹೊಂದಿಸುವ ಭಾಗವನ್ನು ಸ್ಪಾಮ್‌ಅಸಾಸಿನ್‌ನವರು ತಾವೇ ಬರೆದುಕೊಂಡರು.

ಎಷ್ಟು ಹೊತ್ತು ಕಾಯುವುದು ಎಂಬುದಕ್ಕೆ ಅವರು ಮಾಡಿದ ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಹೆಚ್ಚೆಂದರೆ 15 ಸೆಕೆಂಡು. ಆದರೆ ಉತ್ತರಗಳು ಬಂದಂತೆಲ್ಲ ಉಳಿದವರಿಗಾಗಿ ಕಾಯುವ ಹೊತ್ತು ಕಿರಿದಾಗುತ್ತ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಹುಡುಗರು ಮರಳಿದ ಮೇಲೆ, ದಾರಿಯಲ್ಲಿ ಗೋಲಿ ಆಡುತ್ತ ನಿಂತ ಹತ್ತನೆಯವನಿಗಾಗಿ ಎಷ್ಟೂಂತ ಕಾಯುವುದು?

2004ರ ಸೆಪ್ಟೆಂಬರ್‌ನಲ್ಲಿ ಬಂದ 3.0 ಆವೃತ್ತಿ ಪತ್ರದೊಳಗಿನ ಕೊಂಡಿಗಳ ಹೆಸರುಗಳನ್ನೂ ಪಟ್ಟಿಗಳಲ್ಲಿ ಹುಡುಕತೊಡಗಿತು. ಪ್ರಶ್ನೆಗಳು ಇನ್ನಷ್ಟಾದವು. ಹಿನ್ನೆಲೆಯ ಈ ಹುಡುಕಾಟ ಇಲ್ಲದಿದ್ದರೆ ಅದು ನಡೆಯುತ್ತಲೇ ಇರಲಿಲ್ಲ ಎಂದು ನನ್ನ ಅನಿಸಿಕೆ.

ವಿಚಿತ್ರವೆಂದರೆ, ಎಲ್ಲ ಸಾಕ್ಷಿಗಳಿಗೂ ಈ ಭಾಗ್ಯ ಸಿಗಲಿಲ್ಲ. ಭಾರತೀಯ ಮೂಲದ ವಿಪುಲ್ ವೇದ್ ಪ್ರಕಾಶ್ 1998ರಲ್ಲಿ ಹೊರತಂದ ರೇಜರ್, ಆಮೇಲೆ ಪೈಥಾನ್‌ನಲ್ಲಿ ಬಂದ ಪೈಜರ್ ಇವು ಪತ್ರದ ಬೆರಳಚ್ಚು ತೆಗೆದು, ಇದೇ ಪತ್ರವನ್ನು ಬೇರೆಯವರು ಸ್ಪಾಮ್ ಎಂದಿದ್ದಾರೆಯೇ ಎಂದು ದೂರದ ಸರ್ವರ್ ಅನ್ನು ಕೇಳುತ್ತವೆ. ಇವನ್ನು ಕರೆದಾಗ ಮಾತ್ರ ಸ್ಪಾಮ್‌ಅಸಾಸಿನ್ ಕೈಕಟ್ಟಿ ನಿಲ್ಲುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಇವೆರಡನ್ನೂ ಬೇರೆ ಪ್ರಕ್ರಿಯೆಯಾಗಿ ಹಿನ್ನೆಲೆಗೆ ಬಿಟ್ಟು, ಉತ್ತರವನ್ನು ಆಮೇಲೆ ಓದಿಕೊಳ್ಳುವ ಸೌಕರ್ಯ ಬಂತು. ಡಿಎನ್ಎಸ್ ಪ್ರಶ್ನೆಗಳಿಗೆ ಬಹಳ ಹಿಂದೆಯೇ ಸಿಕ್ಕಿದ್ದು ಇವಕ್ಕೆ ಸಿಕ್ಕಲು, ಸ್ಪಾಮ್‌ಅಸಾಸಿನ್ ಹುಟ್ಟಿ ಇಪ್ಪತ್ತೊಂದು ವರ್ಷ ದಾಟಬೇಕಾಯಿತು ನೋಡಿ.