ಥ್ರ್ಯಾಶ್ ಮೆಟಲ್ ಮತ್ತು ಸಿಂತ್-ಪಾಪ್: ಪ್ರಮುಖ ಆಲ್ಬಂಗಳು

ಥ್ರ್ಯಾಶ್ ಮೆಟಲ್ ಮತ್ತು ಸಿಂತ್-ಪಾಪ್ ಪಾಶ್ಚಾತ್ಯ ಜನಪ್ರಿಯ ಸಂಗೀತದ ಎರಡು ಪ್ರಕಾರಗಳು. ಎರಡೂ ಹೆಸರು ಮಾಡಿದ್ದು 1980ರ ದಶಕದಲ್ಲಿ. ಅತಿವೇಗದ ಡ್ರಮ್ಸ್, ಒರಟು ಗಿಟಾರು ಮೊದಲನೆಯದರ ಗುರುತು. ಸಿಂತಸೈಸರ್ ಮತ್ತು ಡ್ರಮ್ ಯಂತ್ರ ಎರಡನೆಯದರದು. ಒಂದರ ಅಭಿಮಾನಿಗಳು ಇನ್ನೊಂದರ ಹೆಸರೆತ್ತಿದರೆ ಮೂಗು ಮುರಿಯುವುದುಂಟು. ಆದರೆ ಇವುಗಳ ಮುಖ್ಯ ಆಲ್ಬಂಗಳನ್ನು ಒಂದರ ಬೆನ್ನಿಗೆ ಒಂದು ಕೇಳಿದರೆ ನಂಟೊಂದು ಹೊಳೆಯುತ್ತದೆ. ಕೂದಲೆಳೆಯಷ್ಟೂ ಜಾರದ ಲಯ ಎರಡಕ್ಕೂ ಬೇಕಿತ್ತು. ಸಿಂತ್-ಪಾಪ್ ಅದನ್ನು ಯಂತ್ರಕ್ಕೆ ಒಪ್ಪಿಸಿತು, ಥ್ರ್ಯಾಶ್ ಮನುಷ್ಯರ ಕೈಕಾಲುಗಳಿಂದಲೇ ಅದನ್ನು ಹೊರಡಿಸಲು ಹಟ ಹಿಡಿಯಿತು.

ಸಿಂತ್-ಪಾಪ್‌ಗೆ ದಾರಿ ಹಾಕಿಕೊಟ್ಟದ್ದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಕ್ರಾಫ್ಟ್‌ವರ್ಕ್ ತಂಡ. ಅದರ ‘ಆಟೋಬಾನ್’ (1974), ‘ದ ಮ್ಯಾನ್-ಮಷೀನ್’ (1978) ಆಲ್ಬಂಗಳ ಪ್ರಭಾವ ಬ್ರಿಟನ್ನಿನ ಯುವಕರ ಮೇಲೆ ನೇರವಾಗಿ ಆಯಿತು. ಪಂಕ್ ಸಂಗೀತ ಮುದ್ರಿಸಲು ಹೋದ ಗ್ಯಾರಿ ನ್ಯೂಮನ್‌ಗೆ ಸ್ಟುಡಿಯೋದಲ್ಲಿ ಯಾರೋ ಬಿಟ್ಟಿದ್ದ ಮಿನಿಮೂಗ್ ಸಿಂತಸೈಸರ್ ಕಣ್ಣಿಗೆ ಬಿತ್ತು. ಅಲ್ಲಿಂದ ಆತನ ದಿಕ್ಕೇ ಬದಲಾಯಿತು. 1979ರ ‘ದ ಪ್ಲೆಷರ್ ಪ್ರಿನ್ಸಿಪಲ್’ ಆಲ್ಬಂನಲ್ಲಿ ಗಿಟಾರನ್ನೇ ಕೈಬಿಟ್ಟ ನ್ಯೂಮನ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದರು.

ಪ್ರಕಾರದ ಶಿಖರವೆಂದು ಹೇಳಬೇಕಾದದ್ದು ಹ್ಯೂಮನ್ ಲೀಗ್ ತಂಡದ ‘ಡೇರ್’ (1981). ಷೆಫೀಲ್ಡ್‌ನ ಈ ತಂಡ 1980ರಲ್ಲಿ ಒಡೆದು, ವಾದ್ಯ ಬಲ್ಲ ಇಬ್ಬರು ಹೊರನಡೆದಿದ್ದರು. ಉಳಿದ ಗಾಯಕ ಫಿಲಿಪ್ ಓಕಿ ಊರಿನ ನೈಟ್‌ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು ತಂಡಕ್ಕೆ ಕರೆತಂದರು. ತಂಡ ಮುಳುಗಿತೆಂದೇ ಪತ್ರಿಕೆಗಳು ಭಾವಿಸಿದ್ದವು. ನಿರ್ಮಾಪಕ ಮಾರ್ಟಿನ್ ರಶೆಂಟ್ ಬಳಸಿದ ಲಿನ್ ಎಲ್‌ಎಂ-1 ಡ್ರಮ್ ಯಂತ್ರದ ಚಿಪ್‌ಗಳಲ್ಲಿ ನಿಜವಾದ ಡ್ರಮ್ಮಿನ ಸದ್ದು ಅಡಗಿತ್ತು. ಹಾಗಾಗಿ ‘ಡೇರ್’ನ ಲಯ ಯಂತ್ರದ್ದೇ ಆದರೂ ಕಿವಿಗೆ ಪೊಳ್ಳೆನಿಸುವುದಿಲ್ಲ. ‘ಡೋಂಟ್ ಯು ವಾಂಟ್ ಮಿ’ ಹಾಡು ಓಕಿಗೆ ಹಿಡಿಸಿರಲಿಲ್ಲ. ಆಲ್ಬಂನ ಕಟ್ಟಕಡೆಗೆ ಸೇರಿದ ಅದನ್ನು ಬಿಡಿಯಾಗಿ ಹೊರತರುವುದಕ್ಕೂ ಅವರ ವಿರೋಧವಿತ್ತು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಬ್ರಿಟನ್ನಿನ ಅಗ್ರಸ್ಥಾನದಲ್ಲಿದ್ದದ್ದು ಅದೇ ಹಾಡು.

ಅದೇ ವರ್ಷ ‘ಸ್ಪೀಕ್ ಅಂಡ್ ಸ್ಪೆಲ್’ ಮೂಲಕ ಬಂದ ಡಿಪೆಷ್ ಮೋಡ್ ಆರಂಭದಲ್ಲಿ ಚಿಟಿಕೆ ಹಾಕಿಸುವ ಹಗುರ ತಂಡ. ಹಾಡುಗಳನ್ನು ಬರೆಯುತ್ತಿದ್ದ ವಿನ್ಸ್ ಕ್ಲಾರ್ಕ್ ತೊರೆದ ಮೇಲೆ ಮಾರ್ಟಿನ್ ಗೋರ್ ಕೈಯಲ್ಲಿ ಅದರ ಬಣ್ಣ ಕಪ್ಪಾಗುತ್ತ ಹೋಗಿ, 1986ರ ಮಾರ್ಚ್‌ನಲ್ಲಿ ‘ಬ್ಲ್ಯಾಕ್ ಸೆಲೆಬ್ರೇಷನ್’ ಹುಟ್ಟಿತು. ಥ್ರ್ಯಾಶ್ ತಂಡ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಬಂದದ್ದೂ ಅದೇ ತಿಂಗಳು.

ಥ್ರ್ಯಾಶ್ ಹಬ್ಬಿದ್ದು ರೇಡಿಯೋದಿಂದಲ್ಲ, ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ ಪ್ರತಿಗಳಿಂದ. ಕ್ಯಾಲಿಫೋರ್ನಿಯಾದ ಮೆಟಾಲಿಕಾ 1982ರಲ್ಲಿ ಮಾಡಿದ ಮಾದರಿ ಮುದ್ರಣವೊಂದು ಹೀಗೆ ತಿರುಗಿ ತಿರುಗಿ ಜಾನ್ ಜಜುಲಾ ಎಂಬ ವ್ಯಾಪಾರಿಯನ್ನು ತಲುಪಿತು. ಅವರ ಮೆಗಾಫೋರ್ಸ್ ಸಂಸ್ಥೆ 1983ರ ಜುಲೈನಲ್ಲಿ ‘ಕಿಲ್ ಎಮ್ ಆಲ್’ ಬಿಡುಗಡೆ ಮಾಡಿತು. ಮುದ್ರಣಕ್ಕೆ ಮುಂಚೆ ತಂಡದಿಂದ ಹೊರಹಾಕಲ್ಪಟ್ಟ ಡೇವ್ ಮಸ್ಟೇನ್ ಸಿಟ್ಟಿನಿಂದಲೇ ಮೆಗಾಡೆತ್ ಕಟ್ಟಿದರು. 1990ರ ‘ರಸ್ಟ್ ಇನ್ ಪೀಸ್’ ಅದರ ಶ್ರೇಷ್ಠ ಕೃತಿ.

‘ಮಾಸ್ಟರ್ ಆಫ್ ಪಪೆಟ್ಸ್’ ಕೋಪೆನ್‌ಹೇಗನ್‌ನಲ್ಲಿ ಮುದ್ರಣವಾದದ್ದು. ವೇಗದ ಜೊತೆಗೆ ಉದ್ದನೆಯ, ಹಲವು ಭಾಗಗಳ ಹಾಡುಗಳನ್ನು ಹೆಣೆಯಬಹುದೆಂದು ಅದು ತೋರಿಸಿತು. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತಂಡದ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು.

ಅಕ್ಟೋಬರ್‌ನಲ್ಲಿ ಬಂದ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ಇದಕ್ಕೆ ತದ್ವಿರುದ್ಧ. ಹತ್ತು ಹಾಡು, ಸುಮಾರು 29 ನಿಮಿಷ. ಇಡೀ ಆಲ್ಬಂ ಕ್ಯಾಸೆಟ್ಟಿನ ಒಂದೇ ಮಗ್ಗುಲಿನಲ್ಲಿ ಹಿಡಿಸುತ್ತಿತ್ತು. ಹಿಪ್-ಹಾಪ್ ಲೋಕದಿಂದ ಬಂದ ನಿರ್ಮಾಪಕ ರಿಕ್ ರೂಬಿನ್ ಮಾರ್ದನಿಯನ್ನೆಲ್ಲ ತೆಗೆದು ಸದ್ದನ್ನು ಒಣಗಿಸಿಬಿಟ್ಟರು. ಅದರಿಂದಾಗಿ ಡೇವ್ ಲೊಂಬಾರ್ಡೊ ಡ್ರಮ್ಮಿಗೆ ಕೊಟ್ಟ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ನಾಜಿ ವೈದ್ಯ ಯೋಸೆಫ್ ಮೆಂಗೆಲೆಯ ಕ್ರೌರ್ಯದ ಕುರಿತ ಹಾಡು ಮತ್ತು ಮುಖಪುಟದ ಚಿತ್ರದ ಕಾರಣ ಕೊಲಂಬಿಯಾ ಸಂಸ್ಥೆ ವಿತರಣೆಗೆ ಒಪ್ಪಲಿಲ್ಲ. ಕೊನೆಗೆ ಗೆಫೆನ್ ವಿತರಿಸಿತು. ಥ್ರ್ಯಾಶ್‌ನಲ್ಲಿ ಒಂದೇ ಆಲ್ಬಂ ಕೇಳುವುದಾದರೆ ಇದನ್ನೇ ಕೇಳಬೇಕು.

ನ್ಯೂಯಾರ್ಕಿನ ಆಂಥ್ರಾಕ್ಸ್ (‘ಅಮಾಂಗ್ ದ ಲಿವಿಂಗ್’, 1987), ಜರ್ಮನಿಯ ಕ್ರಿಯೇಟರ್ (‘ಪ್ಲೆಷರ್ ಟು ಕಿಲ್’, 1986), ಬ್ರೆಜಿಲ್‌ನ ಸೆಪಲ್ಟುರಾ (‘ಬಿನೀತ್ ದ ರಿಮೇನ್ಸ್’, 1989) ಈ ಸಾಲಿನ ಇತರ ಮುಖ್ಯ ತಂಡಗಳು.

ದಶಕ ಮುಗಿಯುವಾಗ ಎರಡೂ ಪ್ರಕಾರಗಳು ತಮ್ಮ ವ್ರತವನ್ನು ಮುರಿದವು. ಡಿಪೆಷ್ ಮೋಡ್‌ನ ‘ವಯೊಲೇಟರ್’ (1990) ಆಲ್ಬಂನ ಹೆಸರಾಂತ ಹಾಡೊಂದು ನಿಂತಿರುವುದೇ ಗಿಟಾರಿನ ಮೇಲೆ. ಮೆಟಾಲಿಕಾ 1991ರಲ್ಲಿ ತನ್ನದೇ ಹೆಸರಿನ ಆಲ್ಬಂನಲ್ಲಿ ವೇಗ ತಗ್ಗಿಸಿತು. ಹಳೆಯ ಅಭಿಮಾನಿಗಳು ಗೊಣಗಿದರೂ ತಂಡದ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ.

ಭಾರತದಲ್ಲಿ ಥ್ರ್ಯಾಶ್‌ಗೆ ಗಟ್ಟಿ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. 1998ರಲ್ಲಿ ಹುಟ್ಟಿದ ಇಲ್ಲಿನ ಕ್ರಿಪ್ಟೋಸ್ ತಂಡ ಯುರೋಪಿನ ವೇದಿಕೆಗಳಲ್ಲೂ ನುಡಿಸಿದೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಭಾರತದ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ಮರುವರ್ಷ ಸ್ಲೇಯರ್ ಕೂಡ ಇದೇ ನಗರಕ್ಕೆ ಬಂದಿತು.