ಹರ್-2: ಗುರುತೂ ಅದೇ, ಗುರಿಯೂ ಅದೇ

ಸ್ತನ ಕ್ಯಾನ್ಸರ್ ರೋಗಿಯ ಪ್ರಯೋಗಾಲಯ ವರದಿಯನ್ನು ನೀವು ಎಂದಾದರೂ ನೋಡಿದ್ದರೆ, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳ ಜೊತೆಗೆ ‘ಹರ್-2’ ಎಂಬ ಇನ್ನೊಂದು ಸಾಲು ಇರುವುದನ್ನು ಗಮನಿಸಿರಬಹುದು. ಅದರ ಮುಂದೆ 0, 1+, 2+, 3+ ಇವುಗಳಲ್ಲಿ ಒಂದು. ಮುಂದಿನ ಒಂದು ವರ್ಷ ಯಾವ ಚಿಕಿತ್ಸೆ, ಅದಕ್ಕೆ ಎಷ್ಟು ಹಣ ಎಂಬುದು ಬಹುಮಟ್ಟಿಗೆ ಈ ಗುರುತಿನ ಮೇಲೆ ನಿಂತಿರುತ್ತದೆ.

ಹರ್-2 ನಮ್ಮೆಲ್ಲರ ದೇಹದಲ್ಲೂ ಇರುವ ಒಂದು ಪ್ರೋಟೀನು. ಜೀವಕೋಶದ ಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ನಾಟಿಕೊಂಡಿರುತ್ತದೆ. ತನ್ನ ಒಡಹುಟ್ಟಿದ ಗ್ರಾಹಕಗಳೊಡನೆ ಜೋಡಿಯಾದಾಗ ‘ಬೆಳೆ, ವಿಭಜಿಸು’ ಎಂಬ ಸಂಕೇತವನ್ನು ಒಳಕ್ಕೆ ಕಳಿಸುತ್ತದೆ. ಇದರ ಜೀನ್ ಇರುವುದು 17ನೆಯ ಕ್ರೋಮೊಸೋಮಿನಲ್ಲಿ. ಸಾಮಾನ್ಯವಾಗಿ ಎರಡು ಪ್ರತಿಗಳು. ಸ್ತನದ ಆರೋಗ್ಯಕರ ಕೋಶವೊಂದರ ಮೇಲೆ ಸುಮಾರು 20,000 ಹರ್-2 ಅಣುಗಳಿರುತ್ತವೆ. ಕೆಲವು ಕ್ಯಾನ್ಸರುಗಳಲ್ಲಿ ಜೀನಿನ ಪ್ರತಿಗಳು ಹತ್ತಾರಾಗಿ, ಅಣುಗಳ ಸಂಖ್ಯೆ 20 ಲಕ್ಷದವರೆಗೂ ಏರುತ್ತದೆ. ಆಗ ಕೋಶಕ್ಕೆ ಬಿಡುವಿಲ್ಲದ ಆಜ್ಞೆ.

ರೋಗದ ಸುಳಿವು ಕೊಡುವ ಅಣುವನ್ನು ಜೈವಿಕ ಸೂಚಕ ಎನ್ನುತ್ತೇವೆ. ಬಹಳಷ್ಟು ಸೂಚಕಗಳು ಸುಳಿವು ಕೊಟ್ಟು ಸುಮ್ಮನಾಗುತ್ತವೆ. ರಕ್ತದ ಪಿ.ಎಸ್.ಎ. ಪ್ರಾಸ್ಟೇಟ್ ಗ್ರಂಥಿಯ ಸ್ಥಿತಿಯನ್ನು ಹೇಳುತ್ತದೆ, ಆದರೆ ವೈದ್ಯರು ಕೊಡುವ ಔಷಧ ಪಿ.ಎಸ್.ಎ.ಯನ್ನು ಹೊಡೆಯುವುದಿಲ್ಲ. ಹರ್-2 ಹಾಗಲ್ಲ. ಯಾವುದು ಗುರುತೋ ಅದೇ ಔಷಧದ ಗುರಿ. ಈ ಎರಡೂ ಒಂದೇ ಎಂದು ತಿಳಿಯುವುದಕ್ಕೆ ಮಾತ್ರ ಹಲವು ವರ್ಷ ಹಿಡಿಯಿತು.

1980ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ ಇಲಿಗಳ ನರಗಡ್ಡೆಯೊಂದರಿಂದ ಕ್ಯಾನ್ಸರ್ ಜೀನನ್ನು ಹುಡುಕುತ್ತಿತ್ತು. ಅಲ್ಲಿದ್ದ ಭಾರತೀಯ ವಿಜ್ಞಾನಿ ಲಕ್ಷ್ಮೀ ಚರಣ್ ಪಾಧಿ ಮತ್ತು ಸಂಗಡಿಗರು 1982ರಲ್ಲಿ ಆ ಜೀನಿನ ಪ್ರೋಟೀನನ್ನು ಗುರುತಿಸಿದರು. ಗುರುತಿಸಲು ಬಳಸಿದ್ದು ಏನೆಂದು ಗಮನಿಸಿ: ಆ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ! ಕೋಶದ ಹೊರಮೈಯಲ್ಲಿ ಗುರಿ, ಕೈಯಲ್ಲಿ ಅದಕ್ಕೆ ಅಂಟುವ ಪ್ರತಿಕಾಯ. ಔಷಧಕ್ಕೆ ಬೇಕಾದದ್ದೆಲ್ಲ ಮೇಜಿನ ಮೇಲಿತ್ತು. ಆದರೆ ಆ ತಂಡದ ಆಸಕ್ತಿ ಜೀನಿನ ಕಡೆಗಿತ್ತು, ಚಿಕಿತ್ಸೆಯ ಕಡೆಗಲ್ಲ. ಇದನ್ನು ದೋಷವೆನ್ನಲಾಗದು. ಕೇಳಿದ ಪ್ರಶ್ನೆಗೆ ಅವರು ಉತ್ತರ ಪಡೆದಿದ್ದರು. ಇಂಥ ಪ್ರತಿಕಾಯ ಇಲಿಯ ಕ್ಯಾನ್ಸರ್ ಕೋಶಗಳನ್ನು ಪಳಗಿಸಬಲ್ಲದೆಂದು 1985ರಲ್ಲಿ ಜೆಫ್ರಿ ಡ್ರೆಬಿನ್ ಮತ್ತು ಮಾರ್ಕ್ ಗ್ರೀನ್ ತೋರಿಸಿದರು.

ಅದೇ ವರ್ಷ ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್ರಿಚ್ ತಂಡ ಮಾನವನ ಜೀನನ್ನು ಓದಿತು. ಲಾಸ್ ಏಂಜಲಿಸ್‌ನ ವೈದ್ಯ ಡೆನಿಸ್ ಸ್ಲೇಮನ್ ಬಳಿ ಶೇಖರಿಸಿಟ್ಟ ಗಡ್ಡೆಗಳ ರಾಶಿಯಿತ್ತು. ಇವರಿಬ್ಬರೂ ಕೈಜೋಡಿಸಿದ ಫಲ 1987ರ ಪ್ರಬಂಧ: 189 ಸ್ತನ ಗಡ್ಡೆಗಳಲ್ಲಿ ಸುಮಾರು ಶೇ. 30ರಲ್ಲಿ ಜೀನಿನ ಪ್ರತಿಗಳು ಹೆಚ್ಚಿದ್ದವು, ಅಂಥ ಮಹಿಳೆಯರಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು. (ಈಗಿನ ಲೆಕ್ಕದಲ್ಲಿ ಈ ಪ್ರಮಾಣ ಶೇ. 15ರಿಂದ 20.) ಇಲಿಯ ಪ್ರತಿಕಾಯವನ್ನು ಮಾನವ ಪ್ರತಿಕಾಯದಂತೆ ಮಾರ್ಪಡಿಸಿ ತಯಾರಿಸಿದ ಟ್ರಾಸ್ಟುಜುಮ್ಯಾಬ್, ‘ಹರ್ಸೆಪ್ಟಿನ್’ ಹೆಸರಿನಲ್ಲಿ 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗ ದೇಹದ ಬೇರೆಡೆಗೆ ಹರಡಿದ್ದ 469 ಮಹಿಳೆಯರಲ್ಲಿ ಮಧ್ಯಕ ಬದುಕುಳಿಕೆ 20.3 ತಿಂಗಳಿನಿಂದ 25.1 ತಿಂಗಳಿಗೆ ಏರಿತ್ತು. ಹೃದಯಕ್ಕೆ ತೊಂದರೆಯಾಗಬಲ್ಲದೆಂಬುದೂ ಆಗಲೇ ತಿಳಿಯಿತು. ಈ ಚಿಕಿತ್ಸೆಯ ನಡುವೆ ಆಗಾಗ ‘ಎಕೋ’ ಮಾಡಿಸುವುದು ಇದಕ್ಕಾಗಿಯೇ.

ಔಷಧವೇನೋ ಬಂತು. ಆದರೆ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ, ಅಂದರೆ 17-18 ಬಾರಿ ಕೊಡಬೇಕಾದ ಇದರ ಬೆಲೆ ನಮ್ಮ ಬಹುಪಾಲು ಕುಟುಂಬಗಳಿಗೆ ಎಟುಕದ್ದಾಗಿತ್ತು. ಜಯನಗರದ ಪೂರ್ವಕ್ಕೆ, ನಿಮ್ಹಾನ್ಸ್ ಸಮೀಪದಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ನಿಮಗೆ ಗೊತ್ತು. ನಗರದ ಕ್ಯಾನ್ಸರ್ ನೋಂದಣಿ 1980ರ ದಶಕದಿಂದ ನಡೆಯುತ್ತಿರುವುದು ಅಲ್ಲಿಯೇ. ಆರಂಭದಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಬರಬರುತ್ತಾ ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು. ಹರ್-2 ಪತ್ತೆಯಾದರೂ ಔಷಧ ಕೊಳ್ಳಲಾಗದಿದ್ದರೆ ಆ ಗುರುತಿನಿಂದ ರೋಗಿಗೇನು ಲಾಭ?

ಉತ್ತರದ ಒಂದು ಪಾಲು ಅದೇ ಹೊಸೂರು ರಸ್ತೆಯಲ್ಲಿ, ಬಿ.ಟಿ.ಎಂ. ಬಡಾವಣೆಯ ಅಂಚಿನ ಮಡಿವಾಳವನ್ನು ದಾಟಿ ಮುಂದೆ ಹೋದರೆ ಸಿಗುವ ಬಯೋಕಾನ್‌ನಿಂದ ಬಂತು. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಆರಂಭಿಸಿ, ಪರಂಗಿಯ ಪಪೇಯ್ನ್ ಕಿಣ್ವ ತಯಾರಿಸಿದ ಕಂಪನಿಯಿದು. ಪ್ರತಿಕಾಯ ಔಷಧವನ್ನು ಮಾತ್ರೆಯಂತೆ ತದ್ರೂಪವಾಗಿ ನಕಲು ಮಾಡಲಾಗದು. ಅದನ್ನು ತಯಾರಿಸುವುದು ಜೀವಂತ ಕೋಶಗಳು. ಹಾಗಾಗಿ ಮೂಲ ಔಷಧಕ್ಕೆ ಅತ್ಯಂತ ಸಮೀಪವೆಂದು ಹಂತಹಂತವಾಗಿ ಸಿದ್ಧಪಡಿಸಿ ತೋರಿಸಬೇಕು, ಇಂಥವು ‘ಬಯೋಸಿಮಿಲರ್’ಗಳು. ಅಮೆರಿಕದ ಮೈಲಾನ್ ಜೊತೆ ಅಭಿವೃದ್ಧಿಪಡಿಸಿದ ಇದರ ಟ್ರಾಸ್ಟುಜುಮ್ಯಾಬ್‌ಗೆ 2013ರಲ್ಲಿ ಭಾರತದ ಅನುಮತಿ ದೊರೆಯಿತು. 2014ರಲ್ಲಿ ಅದು ‘ಕ್ಯಾನ್‌ಮ್ಯಾಬ್’ ಆಗಿ ಮಾರುಕಟ್ಟೆಗೆ ಬಂದಾಗ 440 ಮಿಲಿಗ್ರಾಂ ಸೀಸೆಗೆ 57,500 ರೂಪಾಯಿ, ಮೂಲ ಔಷಧಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಅದೂ ಅಗ್ಗವೆನ್ನುವಂತಿರಲಿಲ್ಲ, ಬಿಡಿ. ಮೂಲ ಕಂಪನಿ ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮ್ಯಾಬನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2017ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿಸಿದ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಬಯೋಕಾನ್-ಮೈಲಾನ್‌ರದ್ದೇ.

ಔಷಧ ಹೀಗೆ ಹತ್ತಿರವಾದಷ್ಟೂ ಪರೀಕ್ಷೆಯ ಹೊಣೆ ಹೆಚ್ಚಿತು. ಗಡ್ಡೆಯ ತುಂಡನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ನಲ್ಲಿ ಹಾಕಬೇಕು. 6ರಿಂದ 72 ಗಂಟೆ ಅದರಲ್ಲಿರಬೇಕು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಶನಿವಾರ ಸಂಜೆ ತೆಗೆದ ತುಂಡು ಹಾಗೆಯೇ ಉಳಿದರೆ ಎಂಥ ಪ್ರಯೋಗಾಲಯವಾದರೂ ಮಾಡುವುದೇನು? ಆಮೇಲೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 3+ ಬಂದರೆ ಔಷಧ ಕೊಡಬಹುದು. 2+ ಎಂಬುದು ಅನುಮಾನದ ಸ್ಥಿತಿ. ಆಗ ‘ಫಿಶ್’ ಪರೀಕ್ಷೆಯಿಂದ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. ವರದಿಯಲ್ಲಿ 2+ ಎಂದಿದ್ದು ಫಿಶ್ ಆಗಿಲ್ಲದಿದ್ದರೆ ವೈದ್ಯರನ್ನು ಕೇಳಿ. ಹರ್-2 ಅಣುವಿನ ಹೊರಭಾಗ ಕಳಚಿ ರಕ್ತಕ್ಕೂ ಸೇರುತ್ತದೆ, ಅದನ್ನು ಅಳೆಯಲೂ ಬಹುದು. ಆದರೆ ಗಡ್ಡೆಯ ತುಂಡಿನ ಪರೀಕ್ಷೆಗೆ ಅದು ಬದಲಿಯಾಗಿಲ್ಲ.

0 ಮತ್ತು 1+ ಬಂದವರನ್ನು ಬಹುಕಾಲ ಒಟ್ಟಿಗೆ ‘ನೆಗೆಟಿವ್’ ಎಂದೇ ಎಣಿಸುತ್ತಿದ್ದರು. ಪ್ರತಿಕಾಯದ ಬೆನ್ನಿಗೆ ವಿಷವನ್ನು ಕಟ್ಟಿ ಕಳಿಸುವ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಈ ಗೆರೆಯನ್ನೇ ಸರಿಸಿತು. ಹರಡಿದ ರೋಗದಲ್ಲಿ 1+ ಇರುವವರಿಗೂ, ಫಿಶ್‌ನಲ್ಲಿ ನೆಗೆಟಿವ್ ಬಂದ 2+ ಇರುವವರಿಗೂ ಅದು ಉಪಯುಕ್ತವೆಂದು 2022ರಲ್ಲಿ ತಿಳಿದು, ‘ಹರ್-2 ಕಡಿಮೆ’ ಎಂಬ ಹೊಸ ಗುಂಪು ಹುಟ್ಟಿತು. ಹಳೆಯ ರೋಗಿಗಳ ಮೇಣದಚ್ಚಿನಲ್ಲಿ ಕಾದಿಟ್ಟ ತುಂಡುಗಳನ್ನು ಈಗ ಮತ್ತೆ ಹೊರತೆಗೆದು, ಅಂದು 0 ಎಂದು ಬರೆದದ್ದು ನಿಜಕ್ಕೂ 0 ಹೌದೇ ಎಂದು ನೋಡುವುದುಂಟು.