ಇಂಗ್ಲಿಷ್‌ನಲ್ಲಿ 35

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮೂರಲ್ಲಿ ಎಲ್ಲರೂ ಮೊದಲು ಕೇಳ್ತಿದ್ದದ್ದು ಒಂದೇ: ‘ಇಂಗ್ಲಿಷ್ ಪಾಸಾ?’ ನನಗೆ ಸರಿಯಾಗಿ 35 ಬಂತು. ಪಕ್ಕದ ಬೆಂಚಿನ ಗೆಳೆಯನಿಗೆ 31. ಅವನು ಮತ್ತೆ ಪರೀಕ್ಷೆ ಕಟ್ಟಲೇ ಇಲ್ಲ.

ಈ ಭಯ ಹಳೇದು. 1857ರಲ್ಲಿ ಮದ್ರಾಸ್, ಬಾಂಬೆ ವಿಶ್ವವಿದ್ಯಾಲಯಗಳು ಶುರುವಾದವು. ಅವುಗಳ ಮೆಟ್ರಿಕ್ ದಾಟೋಕೆ ಇಂಗ್ಲಿಷ್ ಬೇಕೇ ಬೇಕಿತ್ತು.

ನಮ್ಮ ಕಾಲದಲ್ಲೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಎಬಿಸಿಡಿ ಕಲಿಸ್ತಿದ್ದದ್ದು ಐದನೇ ಕ್ಲಾಸಿಂದ. ಹತ್ತನೇ ಕ್ಲಾಸಿಗೆ ಬಂದಾಗ ರಜಾ ಅರ್ಜಿ, ಪ್ರಬಂಧ ಎಲ್ಲಾ ಬಾಯಿಪಾಠ. 2007ರಲ್ಲಿ ಇಂಗ್ಲಿಷ್ ಒಂದನೇ ಕ್ಲಾಸಿಗೆ ಬಂತು. ಹಾಗೆ ಕಲಿತ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯೋ ಹೊತ್ತಿಗೆ 2017.

ಹಾಗಾಗಿ ಯಾರನ್ನಾದ್ರೂ ‘ಇಂಗ್ಲಿಷ್ ಫೇಲ್’ ಅಂತ ಆಡಿಕೊಳ್ಳೋ ಮುಂಚೆ ಒಂದು ಮಾತು ಕೇಳಿ: ಇಂಗ್ಲಿಷ್ ಪುಸ್ತಕ ಅವರ ಕೈಗೆ ಸಿಕ್ಕಿದ್ದು ಯಾವಾಗ?